ಗಂಗಕ್ಕನ ದೂರ್ವಾಸಾಸನ

ಗಂಗಕ್ಕನನ್ನು ನಾನು ಮೊದಲ ಸಲ ನೋಡಿದಾಗ ಅವರ ಬಲಗಾಲು ಅವರ ಕತ್ತಿನ ಹಿಂದೆ ಇತ್ತು. ಎಡಗಾಲೊಂದರ ಮೇಲೆ ನೆಟ್ಟಗೆ ನಿಂತಿದ್ದರು. ಎರಡೂ ಕೈ ಎದೆಯ ಮುಂದೆ ಮುಗಿದಿದ್ದರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಚೂಡಿದಾರದ ಮೇಲೆ ಖಾಕಿ ಅಂಗಿ, ಕೊರಳಲ್ಲಿ ಒಂದು ಸೀಟಿ. ಐವತ್ತೆಂಟು ವರ್ಷದ ಹೆಂಗಸೊಬ್ಬರು ತಮ್ಮದೇ ಕಾಲನ್ನು ಟವೆಲಿನ ಹಾಗೆ ಹೆಗಲ ಮೇಲೆ ಹಾಕಿಕೊಂಡು ಬಸ್ ಸ್ಟಾಪುಗಳ ಹೆಸರು ಹೇಳುತ್ತಿದ್ದರು. ‘ಗುಬ್ಬಿ ಗೇಟ್… ಹೆಗ್ಗೆರೆ… ಮಲ್ಲಸಂದ್ರ…’ ಮಲ್ಲಸಂದ್ರ ಬಂದದ್ದೇ ತಡ, ನನ್ನ ಕಡೆ ಒಮ್ಮೆ ಕೆಕ್ಕರಿಸಿ ನೋಡಿ ಧೊಪ್ಪೆಂದು ಚಾಪೆಯ ಮೇಲೆ ಬಿದ್ದರು. ನಾನು ಗಾಬರಿಯಿಂದ ಎತ್ತಲು ಓಡಿದೆ. ಸುತ್ತ ಕೂತಿದ್ದ ಏಳು ಜನ ಹೆಂಗಸರು ಮಿಸುಕಲಿಲ್ಲ. ದಿನಾ ಅಲ್ಲೇ ಬೀಳುತ್ತಾರೆ, ನೀವು ಬಂದು ಕೂತುಕೊಳ್ಳಿ ಎಂದು ಅವರಲ್ಲೊಬ್ಬರು ಚಾಪೆ ಸರಿಸಿ ಜಾಗ ಮಾಡಿಕೊಟ್ಟರು.

ನಾನು ತುಮಕೂರಿನ ಒಂದು ಪಿ.ಯು. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಹದಿಮೂರು ವರ್ಷ ಬೋರ್ಡಿನ ಮುಂದೆ ನಿಂತು ನಿಂತು ಸೊಂಟ ಹಿಡಿದುಕೊಂಡಿತ್ತು. ಡಾಕ್ಟರು ಯೋಗ ಮಾಡಿ ಎಂದರು. ಶಿರಾ ಗೇಟ್ ಹತ್ತಿರ ಹಿಟ್ಟಿನ ಗಿರಣಿಯ ಮಹಡಿಯಲ್ಲಿ ಹೆಂಗಸರಿಗೆ ಒಂದು ಕ್ಲಾಸು ನಡೆಯುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಗಿರಣಿಯ ಮೇಲೆ ಯೋಗವೇ ಎಂದು ನನಗೂ ಅನ್ನಿಸಿತ್ತು. ಬೆಳಿಗ್ಗೆ ಆರಕ್ಕೆ ಕೆಳಗೆ ಮಿಲ್ಲು ಶುರುವಾಯಿತೆಂದರೆ ಮೇಲಿನ ನೆಲವೆಲ್ಲ ಗಡಗಡ ನಡುಗುತ್ತಿತ್ತು. ಕಿಟಕಿಯಿಂದ ರಾಗಿ ಹಿಟ್ಟಿನ ಧೂಳು ಬಂದು, ಪ್ರಾಣಾಯಾಮಕ್ಕೆ ಕೂತವರು ಒಬ್ಬರಾದ ಮೇಲೆ ಒಬ್ಬರು ಸೀನುತ್ತಿದ್ದರು. ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಲ್ಲವೇ ಎಂದು ಕೇಳಿದ್ದಕ್ಕೆ ಗಂಗಕ್ಕ ನನ್ನನ್ನು ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು.

‘ಅಲ್ಲಾಡ್ದೆ ಇರೋ ನೆಲದ್ ಮೇಲೆ ಯಾರ್ ಬೇಕಾದ್ರೂ ನಿಂತ್ಕತಾರೆ ಕಣೇ. ಈ ಜಾಗ ಹುಡ್ಕಕ್ಕೇ ನಂಗೆ ಆರ್ ತಿಂಗ್ಳಾಯ್ತು.’

ಅವರ ಪೂರ್ತಿ ಹೆಸರು ಸಿದ್ದಗಂಗಮ್ಮ. ಹುಟ್ಟಿದ್ದು ಹುಲಿಯೂರುದುರ್ಗದ ಬೆಟ್ಟದ ಬುಡದಲ್ಲಿ. ಗಂಡ ತೀರಿಕೊಂಡ ಮೇಲೆ ಸರ್ಕಾರಿ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಹಿಡಿದವರು. ಇಪ್ಪತ್ತು ವರ್ಷ ತುಮಕೂರಿನಿಂದ ಕುಣಿಗಲ್ಲಿಗೆ, ತುಮಕೂರಿನಿಂದ ಗುಬ್ಬಿಗೆ ಓಡಾಡಿದರು. ಅಷ್ಟು ವರ್ಷದಲ್ಲಿ ಒಂದು ದಿನವೂ ಕಂಬಿ ಹಿಡಿಯಲಿಲ್ಲವೆಂಬುದು ಅವರ ದೊಡ್ಡ ಹೆಮ್ಮೆ. ಕೆಲಸದಿಂದ ಬಂದ ಬೆನ್ನುನೋವಿಗೆ ಒಬ್ಬ ವಯಸ್ಸಾದ ಮೇಷ್ಟ್ರ ಹತ್ತಿರ ಆಸನ ಕಲಿಯಲು ಹೋಗಿ, ಒಂಟಿಕಾಲಿನ ಆಸನಗಳು ನೀರು ಕುಡಿದಷ್ಟು ಸಲೀಸಾಗಿ ಬಂದುಬಿಟ್ಟವು. ಮೇಷ್ಟ್ರೇ ಬೆರಗಾದರಂತೆ. ಕೆಲಸ ಬಿಟ್ಟ ಮೇಲೆ ಅದೇ ಖಾಕಿ ಅಂಗಿಯಲ್ಲಿ ಕ್ಲಾಸು ಶುರು ಮಾಡಿದರು.

ಅವರ ಕ್ಲಾಸೂ ಒಂದು ಬಸ್ಸೇ. ಎರಡು ಸೀಟಿ ಊದಿದರೆ ಕಾಲೆತ್ತಬೇಕು, ಒಂದು ಸೀಟಿಗೆ ಇಳಿಸಬೇಕು. ಒಂದು, ಎರಡು, ಮೂರು ಎಂದು ಎಣಿಸುವ ಪದ್ಧತಿ ಇಲ್ಲ. ಒಂದೊಂದು ಸ್ಟಾಪಿಗೆ ಐದೈದು ಉಸಿರು. ವೃಕ್ಷಾಸನದಲ್ಲಿ ಗೂಳೂರಿನ ತನಕ ನಿಲ್ಲಬೇಕು, ನಟರಾಜಾಸನದಲ್ಲಿ ನಾಗವಲ್ಲಿಯ ತನಕ. ಹೆಬ್ಬೂರು ದಾಟಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ತಡವಾಗಿ ಬಂದರೆ ಬಸ್ಸು ಹೋಯಿತು, ನಾಳಿನ ಬಸ್ಸಿಗೆ ಬಾ ಎಂದು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ನಾನು ಗೋಡೆ ಹಿಡಿದಾಗಲೆಲ್ಲ ಕಿವಿಯ ಹತ್ತಿರ ಸೀಟಿ ಬೀಳುತ್ತಿತ್ತು. ‘ಏಯ್ ಫಿಜಿಕ್ಸು, ಕಂಬಿ ಬುಡು. ಬಿದ್ರೆ ನೆಲ ಐತೆ, ಅದೆಲ್ಲಿಗೂ ಓಡೋಗಕ್ಕಿಲ್ಲ.’ ಗುರುತ್ವ ಕೇಂದ್ರದ ಬಗ್ಗೆ ವರ್ಷಕ್ಕೆ ನಾಲ್ಕು ಸೆಕ್ಷನ್ನಿಗೆ ಪಾಠ ಮಾಡುವ ನಾನು ಆ ಮಹಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಬೀಳುತ್ತಿದ್ದೆ. ಇದರಿಂದ ಗಂಗಕ್ಕನಿಗೆ ಆಗುತ್ತಿದ್ದ ಸಂತೋಷ ಅಷ್ಟಿಷ್ಟಲ್ಲ.

ಕೋಪವೂ ಹಾಗೆಯೇ, ಮೂಗಿನ ತುದಿಯಲ್ಲೇ ಇತ್ತು. ಶವಾಸನದಲ್ಲಿ ಯಾರದೋ ಫೋನ್ ಹೊಡೆದುಕೊಂಡರೆ ‘ಇಳಿ’ ಎನ್ನುತ್ತಿದ್ದರು. ಅಷ್ಟೇ, ಒಂದೇ ಮಾತು. ಅವರು ಚಾಪೆ ಸುತ್ತಿಕೊಂಡು ಮೆಟ್ಟಿಲಿಳಿದು ಹೋಗಲೇಬೇಕು. ಮರುದಿನ ಬಂದರೆ ಏನೂ ಆಗಿಲ್ಲವೆಂಬಂತೆ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು.

ಒಂದು ಭಾನುವಾರ ನಮಗೆಲ್ಲ ಆಧಾರ್ ಕಾರ್ಡ್ ತಂದು ಬಸ್‌ಸ್ಟ್ಯಾಂಡಿಗೆ ಬರಲು ಹೇಳಿದರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಸೀಟು ಸಿಗುವುದೇ ಕಷ್ಟ. ಅಂದು ಅದೃಷ್ಟಕ್ಕೆ ಎಂಟು ಸೀಟು ಸಿಕ್ಕಿತು, ನಾವು ಓಡಿ ಕೂತೆವು. ಗಂಗಕ್ಕ ನಮ್ಮೆಲ್ಲರನ್ನೂ ಎಬ್ಬಿಸಿ ಆ ಸೀಟುಗಳನ್ನು ಕಂಡಕಂಡವರಿಗೆ ಕೊಟ್ಟರು. ನಾವು ಕಂಬಿ ಮುಟ್ಟದೆ, ಕಾಲಿನ ಹೆಬ್ಬೆರಳು ಜೋಡಿಸಿ, ತಾಡಾಸನದಲ್ಲಿ ಕುಣಿಗಲ್ಲಿನ ತನಕ ನಿಲ್ಲಬೇಕಂತೆ. ಬಸ್ಸಿನ ಕಂಡಕ್ಟರ್ ಹುಡುಗಿ ಇದೇನು ಆಂಟಿ ಎಂದಳು. ನಿನ್ನ ಕೆಲಸ ನೋಡು ಎಂದು ಗಂಗಕ್ಕ ಗದರಿದರು. ಗೂಳೂರು ಕಳೆಯಿತು, ನಾಗವಲ್ಲಿ ಕಳೆಯಿತು, ನಮಗೆ ಸ್ವಲ್ಪ ಜಂಬವೂ ಬಂತು. ಹೆಬ್ಬೂರಿನ ರೋಡ್ ಹಂಪಿನಲ್ಲಿ ಡ್ರೈವರ್ ಬ್ರೇಕ್ ಒತ್ತಿದ. ನಾನು ಯಾರದೋ ತೊಡೆಯ ಮೇಲಿದ್ದ ಸೇವಂತಿಗೆ ಹೂವಿನ ಕುಕ್ಕೆಯೊಳಗೆ ಕೂತೆ. ನಮ್ಮಲ್ಲೆಲ್ಲ ದಪ್ಪಗಿದ್ದ ಅಂಗನವಾಡಿ ಟೀಚರ್ ಸರೋಜಮ್ಮ ಎರಡು ಸೀಟಿನವರನ್ನು ಒಟ್ಟಿಗೆ ಅಪ್ಪಚ್ಚಿ ಮಾಡಿದರು. ಬಸ್ಸಿಗೆ ಬಸ್ಸೇ ನಗುತ್ತಿತ್ತು. ನಡುವೆ ಗಂಗಕ್ಕ ಒಬ್ಬರೇ ಕೈಕಟ್ಟಿಕೊಂಡು ನಿಂತು, ನೆಲ ನೋಡಬೇಡಿ, ಮುಂದಿನ ಗಾಜು ನೋಡಿ ಎಂದು ಪಾಠ ಮುಂದುವರಿಸಿದ್ದರು.

ಕುಣಿಗಲ್ಲಿನ ದೊಡ್ಡಕೆರೆಯ ಏರಿಯ ಮೇಲೆ ಕೂತು, ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ತಿಂದೆವು. ಆಮೇಲೆ ಗಂಗಕ್ಕ ದೂರ್ವಾಸಾಸನ ತೋರಿಸುತ್ತೇನೆಂದು ಎದ್ದರು. ಮೊದಲು ಕೂತು, ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಕತ್ತಿನ ಹಿಂದೆ ಸಿಕ್ಕಿಸಿಕೊಂಡು, ಅಂಗೈ ನೆಲಕ್ಕೆ ಊರಿ, ಎಡಗಾಲಿನ ಬಲದಿಂದ ಮೆಲ್ಲಗೆ ಮೇಲೇಳಬೇಕು. ಅವರು ಎದ್ದು ಕೈಮುಗಿದು ನಿಲ್ಲುವ ಹೊತ್ತಿಗೆ, ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಒಬ್ಬ ಅಜ್ಜಿ ಹೊರೆ ಇಳಿಸಿ ಅವರ ಊರಿದ ಪಾದಕ್ಕೆ ನಮಸ್ಕಾರ ಮಾಡಿದಳು. ಯಾವ ದೇವರ ಹರಕೆ ಎಂದು ಕೇಳಿದಳು. ದೂರ್ವಾಸನದು ಎಂದರು ಗಂಗಕ್ಕ, ಕಾಲು ಇಳಿಸದೆಯೇ. ಅಜ್ಜಿ ಸ್ವಲ್ಪ ಯೋಚಿಸಿ, ‘ಸೊಸೆ ಕ್ವಾಪ ಇಳಿಯಕ್ಕೆ ಇದು ಆಯ್ತದಾ ತಾಯಿ?’ ಎಂದಳು. ಮಾಡುವವರ ಕೋಪ ಮಾತ್ರ ಇಳಿಯುವುದು ಎಂದು ಕೇಳಿ, ಹಾಗಾದರೆ ಬೇಡ ಎಂದು ಹೊರೆ ಎತ್ತಿಕೊಂಡು ಹೊರಟಳು.

ಅಜ್ಜಿ ಹೋದ ಮೇಲೆ ಗಂಗಕ್ಕ ಆ ಆಸನದ ಕತೆ ಹೇಳಿದರು. ಅಂಬರೀಷ ರಾಜ ಏಕಾದಶಿ ಉಪವಾಸ ಮಾಡಿ ದ್ವಾದಶಿಯ ಊಟಕ್ಕೆ ಕೂರಬೇಕು. ಅಷ್ಟರಲ್ಲಿ ದೂರ್ವಾಸ ಮುನಿ ಬರುತ್ತಾನೆ. ಊಟಕ್ಕೆ ಬನ್ನಿ ಎಂದರೆ ಸ್ನಾನ ಮಾಡಿ ಬರುತ್ತೇನೆಂದು ಹೊಳೆಗೆ ಹೋದವನು ಬರುವುದೇ ಇಲ್ಲ. ಹೊತ್ತು ಮೀರಿದರೆ ವ್ರತಭಂಗ, ಅತಿಥಿಯನ್ನು ಬಿಟ್ಟು ಉಂಡರೆ ಪಾಪ. ರಾಜ ಒಂದು ಗುಟುಕು ನೀರು ಮಾತ್ರ ಕುಡಿಯುತ್ತಾನೆ. ಅಷ್ಟಕ್ಕೇ ಮುನಿಗೆ ಕೋಪ ಬಂದು, ಜಟೆ ಕಿತ್ತು ನೆಲಕ್ಕೆ ಬಡಿದು, ರಾಜನನ್ನು ಕೊಲ್ಲಲು ಒಂದು ಭೂತವನ್ನೇ ಹುಟ್ಟಿಸುತ್ತಾನೆ. ವಿಷ್ಣುವಿನ ಚಕ್ರ ಬಂದು ಆ ಭೂತವನ್ನು ಸುಟ್ಟು, ಮುನಿಯ ಬೆನ್ನು ಹತ್ತುತ್ತದೆ. ಮೂರು ಲೋಕ ಓಡಿದರೂ ಬ್ರಹ್ಮನಾಗಲಿ ಶಿವನಾಗಲಿ ಕಾಪಾಡುವುದಿಲ್ಲ. ನನ್ನ ಕೈಯಲ್ಲೂ ಇಲ್ಲ, ಯಾರಿಗೆ ಬೈದೆಯೋ ಅವನ ಹತ್ತಿರವೇ ಹೋಗು ಎನ್ನುತ್ತಾನೆ ವಿಷ್ಣು.

‘ಹೋಗಿ ನೋಡ್ತಾನೆ, ಆ ರಾಜ ಒಂದ್ ವರ್ಸದಿಂದ ಉಂಡೇ ಇಲ್ಲ. ಈ ಮುನಿ ವಾಪಸ್ ಬರ್ಲಿ, ಒಟ್ಗೆ ಉಣ್ಣಾನ ಅಂತ ನೀರ್ ಕುಡ್ಕಂಡು ಕಾಯ್ತಾ ಕೂತವ್ನೆ. ದೂರ್ವಾಸಂಗೆ ಎಷ್ಟ್ ನಾಚ್ಕೆ ಆಗಿರ್ಬೇಕು ಯೋಳಿ. ಅವತ್ತು ತನ್ ಕಾಲ್ನ ತನ್ ತಲೆ ಮ್ಯಾಲೇ ಇಟ್ಕಂಡು ನಿಂತ, ಅದೇ ಈ ಆಸನ.’

ಕಾಲಿನ ಸಂಗತಿ ಯಾವ ಪುರಾಣದಲ್ಲಿದೆ ಎಂದು ನಾನು ಕೇಳಿದೆ. ನಮ್ಮ ಡಿಪೋ ಪುರಾಣದಲ್ಲಿ ಎಂದರು.

ವಾಪಸ್ ಬರುವಾಗ ನಮಗೆ ಕೂರಲು ಅಪ್ಪಣೆ ಸಿಕ್ಕಿತು. ಗಂಗಕ್ಕ ನನ್ನ ಪಕ್ಕ ಕೂತರು. ನಮಗೆಲ್ಲ ಕುಣಿಗಲ್ ರೂಟು ಹೇಳುವವರು ಈ ಒಂದು ಆಸನಕ್ಕೆ ಮಾತ್ರ ಗುಬ್ಬಿ ರೂಟು ಯಾಕೆ ಹೇಳುತ್ತೀರಿ ಎಂದು ಕೇಳಿದೆ. ಕೊರಳಿನ ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಹೇಳಿದರು.

ಅವರಿಗೆ ಒಬ್ಬಳು ಅಕ್ಕ, ಗೌರಮ್ಮ. ಗಂಗೆ ಗೌರಿ ಎಂದು ಹೆಸರಿಟ್ಟ ಅಪ್ಪನಿಗೆ ಮುಂದಿನ ಜಗಳ ಮೊದಲೇ ಗೊತ್ತಿತ್ತೋ ಏನೋ. ತಾಯಿ ಬೇಗ ಹೋದ್ದರಿಂದ ಗಂಗಕ್ಕನನ್ನು ಸಾಕಿದ್ದು ಈ ಅಕ್ಕನೇ. ಇಬ್ಬರದೂ ಒಂದೇ ದನಿ, ಗೋಡೆಯಾಚೆಯಿಂದ ಕೇಳಿದರೆ ಅಪ್ಪನಿಗೂ ಯಾರೆಂದು ತಿಳಿಯುತ್ತಿರಲಿಲ್ಲವಂತೆ. ಅಕ್ಕನನ್ನು ಕೊಟ್ಟದ್ದು ಗುಬ್ಬಿಯ ಕಡೆಗೆ, ಮಲ್ಲಸಂದ್ರ ದಾಟಿದ ಮೇಲೆ ರಸ್ತೆ ಬದಿಯಲ್ಲೇ ತೆಂಗಿನ ತೋಟ, ತೋಟದೊಳಗೆ ಮನೆ. ಅಲ್ಲಿ ಸ್ಟಾಪ್ ಇಲ್ಲ. ತಂಗಿಯ ಬಸ್ಸೆಂದು ಗೌರಮ್ಮ ಪ್ರತಿ ಸಲ ತೋಟದ ಗೇಟಿನಲ್ಲೇ ಇಳಿಯುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ಒಂದು ದಿನ ಬಸ್ಸಿನಲ್ಲಿ ಚೆಕಿಂಗ್ ಸಾಹೇಬರಿದ್ದರು. ಇವತ್ತು ಗೇಟಿನಲ್ಲಿ ನಿಲ್ಲಿಸಲಾಗದೆಂದು ಗಂಗಕ್ಕ ಕಣ್ಸನ್ನೆ ಮಾಡಿದ್ದು ಅಕ್ಕನಿಗೆ ತಿಳಿಯಲಿಲ್ಲ. ಬಸ್ಸು ಗೇಟು ದಾಟಿತು. ಗೌರಮ್ಮ ಎದ್ದು ನಿಂತು ತಾವೇ ‘ಹೋಲ್ಡಾನ್’ ಎಂದರು. ಕಂಡಕ್ಟರ್ ದನಿಯೆಂದು ಡ್ರೈವರ್ ಗಕ್ಕನೆ ನಿಲ್ಲಿಸಿದ. ಸಾಹೇಬರು ನಕ್ಕರು, ಬಸ್ಸಿನವರೆಲ್ಲ ನಕ್ಕರು. ನಗುವವರ ನಡುವೆ ಅಕ್ಕ, ನಿನ್ನನ್ನು ಎತ್ತಿ ಆಡಿಸಿದವಳಿಗೇ ರೂಲ್ಸು ಹೇಳುತ್ತೀಯೇನೇ ಎಂದಳು. ಗಂಗಕ್ಕನಿಗೆ ಎಲ್ಲಿತ್ತೋ ಕೋಪ, ಸೀಟಿ ಊದಿ ಬಸ್ಸು ಹೊರಡಿಸಿ, ಅಕ್ಕನನ್ನು ಗುಬ್ಬಿ ಬಸ್‌ಸ್ಟ್ಯಾಂಡಿನ ತನಕ ಒಯ್ದು, ಅಲ್ಲಿ ಎಲ್ಲರೆದುರು ಇಳಿಸಿದರು. ಇನ್ನು ಮೇಲೆ ನನ್ನ ಬಸ್ಸು ಹತ್ತಬೇಡ ಎಂದರು. ನನ್ನ ಮನೆ ಮೆಟ್ಟಿಲು ನೀನು ಹತ್ತಬೇಡ ಎಂದು ಅಕ್ಕ ಆ ಬಿಸಿಲಿನಲ್ಲಿ ನಡೆದುಕೊಂಡೇ ಹೋದಳು. ಅಂದಿನಿಂದ ಮಾತಿಲ್ಲ. ಹೋದ ವರ್ಷ ಅಕ್ಕನಿಗೆ ಕಣ್ಣಿನ ಆಪರೇಷನ್ ಆದದ್ದು ಗಂಗಕ್ಕನಿಗೆ ತಿಂಗಳಾದ ಮೇಲೆ ಯಾವುದೋ ಡ್ರೈವರಿನಿಂದ ತಿಳಿಯಿತು.

‘ಈ ಆಸನದಾಗೆ ನಿಂತ್ಕಂಡು ಗುಬ್ಬಿ ಮುಟ್ಟಿದ್ ದಿನ ಅಕ್ಕನ್ ಮನೇಗ್ ಹೋಯ್ತೀನಿ ಅಂತ ಮಾದೇವಂಗೆ ಹೇಳ್ಕಂಡಿದೀನಿ. ಅವ್ಳ್ಗೆ ಅರವತ್ತಾರಾಯ್ತು ಕಣೇ. ನನ್ ಕಾಲ್ ಮಾತ್ರ ಮಲ್ಲಸಂದ್ರ ದಾಟ್ತಾ ಇಲ್ಲ’ ಎಂದರು.

ನನ್ನ ತಲೆಯಲ್ಲಿ ಇದು ಹುಳುವಾಗಿ ಕೂತಿತು. ಮಲ್ಲಸಂದ್ರಕ್ಕೆ ಹದಿನೈದು ಉಸಿರು, ಆಮೇಲೆ ತೋಟದ ಗೇಟಿಗೆ ಐದು, ಗುಬ್ಬಿಗೆ ಐದು. ಒಟ್ಟು ಇಪ್ಪತ್ತೈದು. ಒಂದು ಬೆಳಿಗ್ಗೆ, ಸುಮ್ಮನೆ ತಮಾಷೆಗೆ ಎಂದು ಹೇಳಿ, ಅದೇ ಆಸನವನ್ನು ಕುಣಿಗಲ್ ರೂಟಿನಲ್ಲಿ ಮಾಡಲು ಹೇಳಿದೆ. ಗಂಗಕ್ಕ ಗೂಳೂರು, ನಾಗವಲ್ಲಿ, ಹೆಬ್ಬೂರು ಎಲ್ಲ ದಾಟಿ, ಕೆರೆ ಏರಿ ದಾಟಿ, ಕುದುರೆ ಫಾರಂ ದಾಟಿ, ಕುಣಿಗಲ್ ಬಸ್‌ಸ್ಟ್ಯಾಂಡಿಗೆ ಹೋಗಿ ಕಾಲಿಳಿಸಿದರು. ಮೂವತ್ತು ಉಸಿರು, ರೆಪ್ಪೆ ಕೂಡ ಅಲುಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಪರೀಕ್ಷೆಯಲ್ಲಿ ಕಾಪಿ ಹಿಡಿದವಳ ಹಾಗೆ ಬೀಗುತ್ತ ಹೇಳಿಬಿಟ್ಟೆ. ಗಂಗಕ್ಕ, ನಿಮ್ಮ ಗುರುತ್ವ ಕೇಂದ್ರ ಸರಿಯಾಗೇ ಇದೆ. ಗುಬ್ಬಿ ರೂಟಿನಲ್ಲಿ ನೀವು ಬೀಳುತ್ತಿಲ್ಲ, ಇಳಿಯುತ್ತಿದ್ದೀರಿ.

ಚಪ್ಪಾಳೆ ನಿಂತಿತು. ಗಂಗಕ್ಕನ ಮುಖ ಕೆಂಪಾಯಿತು.

‘ಇಳಿ’ ಎಂದರು.

ಇಳಿದೆ. ಉಳಿದವರ ಹಾಗೆ ಮರುದಿನ ಹೋಗಬಹುದಿತ್ತು, ಹೋಗಲಿಲ್ಲ. ನಿಜ ಹೇಳಿದ್ದಕ್ಕೆ ಇಳಿಸಿದರಲ್ಲ ಎಂಬ ಉರಿ ನನಗೆ. ಆರು ದಿನ ಮನೆಯಲ್ಲಿ ಪಾತ್ರೆ ಕುಕ್ಕಿದೆ. ಟೆಸ್ಟ್ ಪೇಪರಿಗೆ ಅರ್ಧರ್ಧ ಮಾರ್ಕು ಕಿತ್ತುಕೊಂಡೆ. ನನ್ನ ಗಂಡ ಪಾಪ, ಆ ವಾರ ಉಪ್ಪಿಲ್ಲದ ಸಾರನ್ನೂ ಚೆನ್ನಾಗಿದೆ ಎಂದು ಉಂಡರು. ಏಳನೆಯ ದಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಹೊರಗೆ ಎರಡು ಸೀಟಿ ಕೇಳಿತು. ಪಿ.ಟಿ. ಪೀರಿಯಡ್ ಎಂದು ತಿಳಿದು ನನ್ನ ಅರ್ಧ ಕ್ಲಾಸು ಎದ್ದು ಫೀಲ್ಡಿಗೆ ಓಡಿತು. ಬೇವಿನ ಮರದ ಕೆಳಗೆ ಖಾಕಿ ಅಂಗಿಯಲ್ಲಿ ಗಂಗಕ್ಕ ನಿಂತಿದ್ದರು.

‘ನಿನ್ನ ಇಳಿಸ್ದಾಗಿಂದ ನಂಗೆ ಅನ್ನ ಸೇರ್ತಿಲ್ಲ. ಹನ್ನೊಂದ್ ವರ್ಸ ಆಯ್ತು, ಬರೀ ಜನನ್ನ ಇಳಿಸಿದ್ದೇ ಆಯ್ತು. ನೀನ್ ಹೇಳಿದ್ದು ಸರಿ. ಭಯ ಕಣೇ ನಂಗೆ. ಹೋದ್ರೆ ಅವ್ಳು ಮಾತಾಡ್ಸದೆ ಹೋದ್ರೆ?’

ಇಷ್ಟು ಹೇಳಿ, ನಾನು ಉತ್ತರ ಕೊಡುವ ಮೊದಲೇ, ನಾಳೆ ಆರು ಗಂಟೆಗೆ ಮಹಡಿಯಲ್ಲಿ ಗುಬ್ಬಿ ಬಸ್ಸು ಎಂದು ಹೊರಟುಬಿಟ್ಟರು. ಕಂಬಿ ಹಿಡಿಯದ ಹೆಂಗಸು ಭಯ ಎಂದದ್ದನ್ನು ಕೇಳಿ ನನ್ನ ಉರಿಯೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಓಡಿಹೋದ ಹುಡುಗರನ್ನು ಕರೆತರುವುದೇ ಆಗ ಕಷ್ಟವಾಯಿತು.

ಸಂಜೆ ಸರೋಜಮ್ಮನಿಗೆ ಫೋನ್ ಮಾಡಿ ಗಂಗಕ್ಕನ ಹರಕೆಯ ಸಂಗತಿಯೆಲ್ಲ ಹೇಳಿದೆ. ಅವರೊಂದು ಸಂದೇಹ ತೆಗೆದರು. ಗಂಗಕ್ಕನ ಕಾಲಿಗೆ ನಡುಗುವ ನೆಲವೇ ಅಭ್ಯಾಸ, ನಡುವೆ ಮಿಲ್ಲು ನಿಂತರೆ ಏನು ಗತಿ? ಬೆಳಿಗ್ಗೆ ಆರಕ್ಕೆ ಒಂದೆರಡು ಗಿರಾಕಿ ಬರುವುದೇ ಹೆಚ್ಚು. ಹಾಗಾಗಿ ಮರುದಿನ ನಾವು ಎಂಟು ಜನವೂ ಯೋಗದ ಚಾಪೆಯ ಜೊತೆ ಒಂದೊಂದು ಚೀಲ ರಾಗಿ ಹೊತ್ತುಕೊಂಡು ಹೋದೆವು. ಗಿರಣಿಯ ರಾಜಣ್ಣ ಸಾಲು ನೋಡಿ ಕಣ್ಣುಜ್ಜಿಕೊಂಡ. ಯಾರ ಮನೆ ಮದುವೆ ಎಂದು ಕೇಳಿದ. ಒಂದಾದ ಮೇಲೊಂದು ಹಾಕುತ್ತಿರು, ಮಿಲ್ಲು ನಿಲ್ಲಿಸಿದರೆ ನಿನ್ನನ್ನು ಬಿಡುವುದಿಲ್ಲ ಎಂದು ಸರೋಜಮ್ಮ ತಾಕೀತು ಮಾಡಿದರು. ಗಂಗಕ್ಕನಿಗೆ ಇದೊಂದೂ ಗೊತ್ತಿಲ್ಲ.

ಅವರು ಕೂತು ಕಾಲೆತ್ತಿ ಕತ್ತಿಗೆ ಹಾಕಿಕೊಂಡರು. ಎದ್ದರು. ಕೈ ಮುಗಿದರು. ಗುಬ್ಬಿ ಗೇಟ್ ಎಂದರು, ಹೆಗ್ಗೆರೆ ಎಂದರು. ನೆಲ ಚೆನ್ನಾಗಿ ನಡುಗುತ್ತಿತ್ತು. ಮಲ್ಲಸಂದ್ರ ಬಂತು. ನಾವು ಎಂಟೂ ಜನ ಉಸಿರು ಬಿಗಿಹಿಡಿದೆವು. ಮಲ್ಲಸಂದ್ರದ ಐದು ಉಸಿರು ಮುಗಿದವು, ಅವರು ನಿಂತೇ ಇದ್ದರು. ‘ತೋಟದ ಗೇಟ್’ ಎನ್ನುವಾ‌ಗ ದನಿ ಒಡೆಯಿತು, ಎಡಮೊಣಕಾಲು ಅಲುಗಿತು. ಸರಿಯಾಗಿ ಆಗಲೇ ಕರೆಂಟು ಹೋಯಿತು.

ರಾಗಿ ಲೆಕ್ಕ ಹಾಕಿದವರು ಕರೆಂಟಿನ ಲೆಕ್ಕ ಹಾಕಿರಲಿಲ್ಲ. ಮಿಲ್ಲು ಗುರ್ರೆಂದು ನಿಂತಿತು, ನೆಲ ಸ್ತಬ್ಧವಾಯಿತು. ಗಂಗಕ್ಕ ಒಂದು ಕ್ಷಣ ಪೂರ್ತಿ ಎಡಕ್ಕೆ ವಾಲಿದರು. ಸರೋಜಮ್ಮ ಹಿಡಿಯಲು ಎದ್ದವರು ನನ್ನ ಚಾಪೆ ತೊಡರಿ ಬಿದ್ದರು. ಗಂಗಕ್ಕ ಬೀಳಲಿಲ್ಲ. ಅಲ್ಲಾಡದ ನೆಲದ ಮೇಲೆ, ಕಣ್ಣಿಂದ ನೀರು ಸುರಿಯುತ್ತಿದ್ದರೂ, ಒಂದೊಂದೇ ಉಸಿರು ಎಳೆದು ಬಿಟ್ಟು, ‘ಗುಬ್ಬಿ’ ಎಂದರು. ಐದು ಉಸಿರು ನಿಂತರು. ಕಾಲಿಳಿಸಿದರು. ನಾವು ಕಿರುಚಿದ ಕಿರುಚಿಗೆ ರಾಜಣ್ಣ ಓಡಿ ಮೇಲೆ ಬಂದ. ಗಂಗಕ್ಕ ಮಾತ್ರ ಪಿಳಿಪಿಳಿ ಕಣ್ಣು ಬಿಡುತ್ತ, ಈಗ ಹೋಗಲೇಬೇಕಾ ಎಂದರು.

ಯೋಚಿಸಲು ಬಿಟ್ಟರೆ ಕೆಡುತ್ತದೆಂದು ಆಗಲೇ ಕಾಲೇಜಿಗೆ ರಜೆ ಹೇಳಿ, ಅವರನ್ನು ಗುಬ್ಬಿ ಬಸ್ಸು ಹತ್ತಿಸಿದೆ. ದಾರಿಯುದ್ದಕ್ಕೂ ಗಂಗಕ್ಕ ಎರಡೂ ಕೈಯಲ್ಲಿ ಕಂಬಿ ಹಿಡಿದಿದ್ದರು. ನಾನು ನೋಡಿಯೂ ನೋಡದವಳ ಹಾಗಿದ್ದೆ. ಮಲ್ಲಸಂದ್ರ ದಾಟಿತು. ದೂರದಲ್ಲಿ ತೋಟ ಕಾಣುತ್ತಲೇ ಇಲ್ಲೇ ನಿಲ್ಲಿಸಿ ಎಂದೆ. ಇಲ್ಲಿ ಸ್ಟಾಪ್ ಇಲ್ಲ ಮೇಡಂ, ಗುಬ್ಬೀಲಿ ಇಳೀರಿ ಎಂದ ಕಂಡಕ್ಟರ್. ಅವನು ಹೇಳಿದ್ದು ರೂಲ್ಸಿನ ಪ್ರಕಾರ ಸರಿ. ಗೇಟು ಹತ್ತಿರ ಬಂತು, ಪಕ್ಕಕ್ಕೆ ಬಂತು, ಹಿಂದೆ ಸರಿಯತೊಡಗಿತು. ಆಗ ಗಂಗಕ್ಕ ಕಂಬಿ ಬಿಟ್ಟು, ಬಸ್ಸಿನ ಗಾಜು ನಡುಗುವ ಹಾಗೆ ‘ಹೋಲ್ಡಾನ್’ ಎಂದರು. ಬಸ್ಸು ನಿಂತಿತು.

ನಾವು ಇಳಿದು ತೋಟದೊಳಗೆ ನಾಲ್ಕು ಹೆಜ್ಜೆ ಇಟ್ಟಿದ್ದೆವೋ ಇಲ್ಲವೋ, ಮನೆಯ ಬಾಗಿಲಿಗೆ ಒಬ್ಬ ಮುದುಕಿ ಬಂದು ನಿಂತರು. ತಮ್ಮದೇ ದನಿ ರಸ್ತೆಯಲ್ಲಿ ಕೇಳಿದರೆ ಯಾರು ತಾನೇ ಹೊರಗೆ ಬರುವುದಿಲ್ಲ? ಜಗಲಿಗೆ ಮೂರು ಮೆಟ್ಟಿಲು. ಗಂಗಕ್ಕ ಕೆಳಗೆ ನಿಂತರು, ಮೊದಲ ಮೆಟ್ಟಿಲಿಗೆ ಕಾಲಿಡಲಿಲ್ಲ. ಗೌರಮ್ಮನೂ ಬಾ ಎನ್ನಲಿಲ್ಲ.

‘ಸ್ಟಾಪ್ ಇಲ್ದಿರೋ ತಾವು ಬಸ್ ನಿಲ್ಸಿದ್ಯಾ?’ ಎಂದರು ಗೌರಮ್ಮ.

‘ನಿಲ್ಸ್ದೆ ಕಣಕ್ಕ.’

‘ಈ ಮೆಟ್ಲು ಹತ್ಬೇಡ ಅಂದಿದ್ದೆ ನಾನು.’

‘ಅಂದಿದ್ದೆ.’

ಗೌರಮ್ಮ ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ, ‘ಹಿತ್ಲು ಬಾಗ್ಲಿಗೆ ಮೆಟ್ಲಿಲ್ಲ. ಆ ಕಡೆಯಿಂದ ಬಾ’ ಎಂದು ಒಳಗೆ ಹೋದರು.

ನಾವು ಮನೆ ಸುತ್ತಿ, ತೆಂಗಿನ ಸಿಪ್ಪೆಯ ರಾಶಿ ದಾಟಿ, ಹಿತ್ತಿಲಿನಿಂದ ಒಳಗೆ ಹೋದೆವು. ಅಷ್ಟರಲ್ಲಿ ತಟ್ಟೆಗೆ ಮುದ್ದೆ ಬಿದ್ದಿತ್ತು, ಅವರೆಕಾಳು ಸಾರಿತ್ತು. ಉಣ್ಣುವಾಗ ಗೌರಮ್ಮ ಮೊಣಕಾಲಿನ ಕಷ್ಟ, ಟೆಂಪೋದವರ ಕಾಟ ಎಲ್ಲ ಹೇಳಿಕೊಂಡರು. ಊರಿನ ಹೆಂಗಸರೆಲ್ಲ ಪುಕ್ಕಟೆ ಬಸ್ಸಿನಲ್ಲಿ ಕಂಡ ಕಂಡ ಕ್ಷೇತ್ರಕ್ಕೆಲ್ಲ ಹೋಗಿ ಬಂದರಂತೆ. ತಾವು ಕಣ್ಣಿನ ಆಪರೇಷನ್ನಿಗೆ ತುಮಕೂರಿಗೆ ಹೋದದ್ದೂ ತೆಂಗಿನಕಾಯಿ ಟೆಂಪೋದಲ್ಲೇ. ಯಾಕೆ ಎಂದು ಗಂಗಕ್ಕ ಕೇಳಿದರು. ನೀನೇ ಹತ್ತಬೇಡ ಅಂದಿದ್ದೆಯಲ್ಲ ಎಂದರು ಗೌರಮ್ಮ. ನಾನು ಹೇಳಿದ್ದು ನನ್ನ ಬಸ್ಸಿಗೆ ಅಕ್ಕ, ಕೆಲಸ ಬಿಟ್ಟೇ ಆರು ವರ್ಷವಾಯಿತು ಎಂದರೆ, ಗೌರಮ್ಮ ಸಾರು ಬಡಿಸುತ್ತಲೇ ಹೇಳಿದರು:

‘ನಿನ್ ಬಸ್ ಯಾವ್ದು ಅಂತ ನಂಗೇನ್ ಗೊತ್ತು. ಎಲ್ಲಾ ಕೆಂಪಗೇ ಇರ್ತವೆ.’

ಗಂಗಕ್ಕ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ ಅತ್ತರು. ಹನ್ನೊಂದು ವರ್ಷ ಒಂದೂ ಬಸ್ಸು ಹತ್ತದೆ ಕೂತಿದ್ದ ಅಕ್ಕ, ಅಳಬೇಡ ಮುಚ್ಚೇ ಎಂದು ಗದರುತ್ತ ತಾನೂ ಅತ್ತಳು. ನಾನು ಸುಮ್ಮನಿರಲಾರದೆ ಅತ್ತೆ, ಅವರಿಬ್ಬರಿಗಿಂತ ಜೋರಾಗಿಯೇ. ನೀನ್ಯಾರಮ್ಮ ಎಂದು ಗೌರಮ್ಮ ಕೇಳಿದ್ದೇ ಆಗ. ಮೂವರಿಗೂ ನಗು ಬಂದು ಸಾರು ನೆತ್ತಿಗೇರಿತು.

ಅಂದು ಸಂಜೆ ನಾನೊಬ್ಬಳೇ ತುಮಕೂರಿಗೆ ಬಂದೆ. ನಾಳೆ ಬರುತ್ತೇನೆ ಎಂದಿದ್ದ ಗಂಗಕ್ಕ ಮರುದಿನ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಬಾಡಿಗೆ ಮನೆ ಬಿಟ್ಟು ಸಾಮಾನು ಸಾಗಿಸಿದರೆಂದು ರಾಜಣ್ಣ ಹೇಳಿದ. ಅವರನ್ನು ನಾವೇ ರಾಗಿ ಬೀಸಿಸಿ ಕಳಿಸಿಕೊಟ್ಟ ಹಾಗಾಯಿತು. ಕ್ಲಾಸನ್ನು ನಾನೂ ಸರೋಜಮ್ಮನೂ ಹೇಗೋ ನಡೆಸುತ್ತಿದ್ದೇವೆ. ನಮ್ಮ ‘ಇಳಿ’ ಎಂಬ ಮಾತಿಗೆ ಯಾರೂ ಇಳಿಯುವುದಿಲ್ಲ. ಅವರಿಲ್ಲದ ಮಹಡಿ ನನಗೆ ಇನ್ನೂ ರೂಢಿಯಾಗಿಲ್ಲ.

ಎರಡು ಸಲ ನೋಡಲು ಹೋದೆ, ಎರಡು ಸಲವೂ ಬಾಗಿಲಿಗೆ ಬೀಗ. ಮೊದಲ ಸಲ ಮಾದಪ್ಪನ ಬೆಟ್ಟಕ್ಕೆ ಹೋಗಿದ್ದಾರೆ ಎಂದರು ತೋಟದ ಆಳು. ಎರಡನೆಯ ಸಲ, ಮೊನ್ನೆ ಶೃಂಗೇರಿಯಿಂದ ಬಂದು ನಿನ್ನೆ ಹಂಪೆಗೆ ಹೊರಟರು ಎಂದರು. ಅಕ್ಕ ತಂಗಿ ಇಬ್ಬರೂ ಆಧಾರ್ ಕಾರ್ಡ್ ಹಿಡಿದು ಇಡೀ ರಾಜ್ಯ ಸುತ್ತುತ್ತಿದ್ದರು. ಬೀಗ ಹಾಕಿದ ಮನೆಯ ಜಗಲಿಯ ಮೇಲೆ ಕೂತು ಫೋನ್ ಮಾಡಿದೆ. ಆ ಕಡೆ ಬಸ್ಸಿನ ಸದ್ದು, ಎರಡು ದನಿ ಒಟ್ಟಿಗೆ ಹಲೋ ಎಂದವು. ಅದರಲ್ಲಿ ಗಂಗಕ್ಕನ ದನಿ ಯಾವುದೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತಾಯಿತು. ಯಾವಾಗ ಬರುತ್ತೀರಿ ಎಂದು ಕೇಳಲಿಲ್ಲ. ದೂರ್ವಾಸಾಸನ ಮಾಡುತ್ತಿದ್ದೀರಾ ಎಂದು ಮಾತ್ರ ಕೇಳಿದೆ.

‘ಎಲ್ಲಾಯ್ತದೆ ಕಣೇ. ನಾನ್ ಕಾಲ್ ಎತ್ತೋದೇ ತಡ, ಈ ನಮ್ಮಕ್ಕ ಏನಾರ ಅಂದು ನಗುಸ್ಬುಡ್ತಾಳೆ. ಹೆಗ್ಗೆರೆ ಕೂಡ ಮುಟ್ಟಕ್ಕಿಲ್ಲ, ಬಿದ್ದೋಯ್ತೀನಿ.’

ಬೀಳುವುದನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಕಂಡಿಲ್ಲ. ಇನ್ನೇನೋ ಹೇಳಹೊರಟರು, ಅಷ್ಟರಲ್ಲಿ ಗೌರಮ್ಮ ಏನೋ ಅಂದರು. ಇಬ್ಬರೂ ನಗತೊಡಗಿದರು. ಆ ನಗುವಿನ ನಡುವೆ ಫೋನ್ ಕಟ್ಟಾಯಿತು.